ಪುಟದ ಅಂಗಿಗೆ ಅವಸರವಿಲ್ಲ

ಬೆಳಿಗ್ಗೆ ಎಂಟರ ಸುಮಾರು, ನಾಟಿಯ ಹಂಗಾಮು. ಸಿಂಧನೂರು ತಾಲ್ಲೂಕಿನ ಯಾವುದೇ ಹಳ್ಳಿಗೆ ಹೋಗಿ, ಓಣಿಯ ತುದಿಗೆ ಟಂಟಂ ಬಂದು ನಿಂತಿರುತ್ತದೆ. ಬುತ್ತಿಗಂಟು ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಹತ್ತುತ್ತಿರುತ್ತಾರೆ. ಇತ್ತ ಪಡಸಾಲೆಯಲ್ಲಿ ನಾಲ್ಕು ತುಂಬಿದ ಮಗುವೊಂದು ಅಂಗನವಾಡಿಗೆ ತಯಾರಾಗುತ್ತಿದೆ. ಅಂಗಿ ತೋಳಿಗೇರಿದೆ, ಗುಂಡಿ ಹಾಕುವುದು ಬಾಕಿ. 'ನಾನಽ ಹಾಕ್ಕೋತೀನಿ' ಎನ್ನುತ್ತದೆ ಮಗು. ಗದ್ದವನ್ನು ಎದೆಗೆ ಒತ್ತಿ, ನಾಲಿಗೆಯ ತುದಿ ಹೊರಗೆ ಬಿಟ್ಟು, ಗುಂಡಿ ಹಿಡಿದುಕೊಂಡು ಕಾಜಾ ಹುಡುಕುತ್ತದೆ. ಹೊರಗೆ ಹಾರ್ನ್ ಕೂಗುತ್ತದೆ. 'ಬಿಡೋ ಯಪ್ಪಾ, ಗಾಡಿ ಹೊಂಟೈತಿ' ಎನ್ನುತ್ತಾ ಅವ್ವ ಕುಕ್ಕರಗಾಲಲ್ಲಿ ಕೂತು, ಹತ್ತು ಎಣಿಸುವುದರೊಳಗೆ ಐದೂ ಗುಂಡಿ ಹಾಕಿ, ಸೆರಗಿನಿಂದ ಮೂಗು ಒರೆಸಿ ಓಡುತ್ತಾಳೆ. ಮಗು ತನ್ನ ಎದೆಯನ್ನೊಮ್ಮೆ ನೋಡಿಕೊಳ್ಳುತ್ತದೆ. ಗುಂಡಿಯೆಲ್ಲ ಕಾಜಾದೊಳಗಿವೆ, ಹೇಗೆ ಒಳಹೊಕ್ಕವೋ ಅದಕ್ಕೆ ತಿಳಿಯಲಿಲ್ಲ.

ಅವ್ವನನ್ನು ದೂರುವಂತಿಲ್ಲ. ಟಂಟಂ ತಪ್ಪಿದರೆ ಅಂದಿನ ಕೂಲಿ ತಪ್ಪುತ್ತದೆ. ಮಸ್ಕಿ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ ಇದೇ ಕಥೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಪಾಳಿಗೆ ಹೊರಡುವವರ ಮನೆಯಲ್ಲೂ ಇದೇ ಕಥೆ. ಮಗುವಿಗೆ ಬಟ್ಟೆ ಹಾಕಿಕೊಳ್ಳಲು ಬರುವುದಿಲ್ಲ ಎಂದು ನಾವು ಹೇಳುತ್ತೇವೆ. ಬಹಳಷ್ಟು ಸಲ ಅದಕ್ಕೆ ಬೆರಳಿದೆ, ಮನಸ್ಸೂ ಇದೆ, ಸಿಗದಿರುವುದು ವೇಳೆ. ಮೈಮೇಲಿನ ಅಂಗಿ ಯಾವಾಗಲೂ ಎಲ್ಲಿಗೋ ಹೊರಟಿರುತ್ತದೆ. ಹೊರಡದೆ ಕೂತಲ್ಲೇ ಕೂರುವ ಅಂಗಿಯೊಂದನ್ನು ಮಗುವಿನ ಕೈಗೆ ಕೊಟ್ಟರೆ ಹೇಗೆ? ಈ ಪ್ರಶ್ನೆಗೆ ಉತ್ತರ ಪುಟ್ಟ ಮಕ್ಕಳ ಬಟ್ಟೆ ಪುಸ್ತಕ.

ಈಗ ಪಟ್ಟಣದ ಆಟಿಕೆ ಅಂಗಡಿಗಳಿಗೂ ಮೊಬೈಲಿನ ಖರೀದಿ ಆ್ಯಪುಗಳಿಗೂ ಈ ಪುಸ್ತಕ ಬಂದಿದೆ. ಕಾಗದದ ಬದಲು ಬಟ್ಟೆಯ ಪುಟ, ಅಕ್ಷರದ ಬದಲು ಬಿಚ್ಚುವ ಕಟ್ಟುವ ಕೆಲಸ. ಒಂದು ಪುಟದಲ್ಲಿ ಪುಟ್ಟ ಅಂಗಿ, ಅದಕ್ಕೆ ನಿಜವಾದ ಗುಂಡಿ ಮತ್ತು ಕಾಜಾ. ಇನ್ನೊಂದರಲ್ಲಿ ಚೀಲ, ಅದಕ್ಕೆ ಜಿಪ್. ಮತ್ತೊಂದರಲ್ಲಿ ಬೆಲ್ಟಿನ ಬಕ್ಕಲ್, ಮುಂದಿನದರಲ್ಲಿ ಟಿಚ್ ಬಟನ್, ಕೊನೆಗೆ ಬೂಟು ಮತ್ತು ಲೇಸು. ಮಗು ಪುಟ ತಿರುವುತ್ತಾ ಬಿಚ್ಚುತ್ತದೆ, ಹಾಕುತ್ತದೆ, ಮತ್ತೆ ಬಿಚ್ಚುತ್ತದೆ. ಓದುವುದೆಲ್ಲ ಬೆರಳಿನಿಂದಲೇ.

ನಾನೂ ಮೊಮ್ಮಗಳಿಗೆ ಇಂಥದ್ದೊಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ನೋಡಲು ಚೆಂದವಿತ್ತು. ಎರಡು ತಿಂಗಳಾಗುವುದರೊಳಗೆ ವೆಲ್ಕ್ರೋ ಪಟ್ಟಿಗೆ ಕೂದಲು, ದಾರ ಮೆತ್ತಿಕೊಂಡು ಅಂಟುವುದನ್ನೇ ಬಿಟ್ಟಿತು, ಜಿಪ್ಪಿನ ಹಿಡಿ ಕಿತ್ತು ಬಂತು. ಅದಕ್ಕಿಂತ ವಿಚಿತ್ರವೆಂದರೆ ಅದರಲ್ಲಿದ್ದ ಉಡುಪು. ಹಿಮದ ನಾಡಿನ ಕೋಟು, ಕೈಗವಸು, ಲೇಸಿನ ಬೂಟು. ರಾಯಚೂರು ಜಿಲ್ಲೆಯ ಬಿಸಿಲಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡುವ ಕೂಸಿಗೆ ಬೂಟಿನ ಪಾಠ! ಅವಳು ದಿನವೂ ಗುದ್ದಾಡುವುದು ಲಂಗದ ಲಾಡಿಯ ಜೊತೆ. ಲಾಡಿಯ ಪುಟ ಅದರಲ್ಲಿ ಇರಲೇ ಇಲ್ಲ.

ಈ ವಿದ್ಯೆಗೆ ಇಷ್ಟೊಂದು ಮಹತ್ವವೇಕೆ ಎಂದು ಕೇಳುವವರು ಒಂದು ದಿನ ಅಂಗನವಾಡಿಯಲ್ಲಿ ಕೂತು ನೋಡಬೇಕು. ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಸಹಾಯಕಿ ಒಲೆಯ ಮುಂದಿದ್ದಾಳೆ, ಅಕ್ಕೋರು ತೂಕದ ದಾಖಲೆಯಲ್ಲಿದ್ದಾರೆ. ಮಗುವಿಗೆ ಅವಸರವಾಗಿದೆ, ಚಡ್ಡಿಯ ಗುಂಡಿ ಬಿಚ್ಚುತ್ತಿಲ್ಲ, ಲಾಡಿ ಎಳೆದರೆ ಕಗ್ಗಂಟಾಗುತ್ತದೆ. ಬಟ್ಟೆ ಒದ್ದೆ, ಉಳಿದ ಮಕ್ಕಳ ನಗು, ಮರುದಿನ 'ಸಾಲಿಗೆ ಒಲ್ಲೆ' ಎಂಬ ಅಳು. ಮಗು ಶಾಲೆಗೆ ಅಂಜುತ್ತದೆ ಎಂದು ನಾವು ತಿಳಿದುಕೊಂಡ ಎಷ್ಟೋ ಸಲ ಅದು ಅಂಜಿದ್ದು ಲಾಡಿಗೆ. ಎಲಾಸ್ಟಿಕ್ ಚಡ್ಡಿ ಈ ಕಷ್ಟವನ್ನು ಬಹುಮಟ್ಟಿಗೆ ತಪ್ಪಿಸಿತು, ನಿಜ. ಅದರ ಜೊತೆಗೇ ಬೆರಳಿಗೆ ಸಿಗುತ್ತಿದ್ದ ದಿನನಿತ್ಯದ ಕಸರತ್ತೂ ತಪ್ಪಿತು.

ಗುಂಡಿ ಹಾಕುವುದು ಎಷ್ಟು ದೊಡ್ಡ ಕೆಲಸ ಎಂದು ತಿಳಿಯಬೇಕಾದರೆ ನಿಮ್ಮ ಅಂಗಿಯದೇ ಒಂದು ಗುಂಡಿಯನ್ನು ನಿಧಾನವಾಗಿ ಹಾಕಿ ನೋಡಿ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಗುಂಡಿಯ ಅಂಚನ್ನು ಹಿಡಿಯುತ್ತವೆ. ಎಡಗೈ ಕಾಜಾದ ಬಾಯನ್ನು ಬಿಡಿಸಿ ಹಿಡಿಯುತ್ತದೆ. ಗುಂಡಿ ಅಡ್ಡವಾಗಿ ವಾಲಿ ಅರ್ಧ ಒಳಹೋಗುತ್ತದೆ. ಈಗ ಬರುತ್ತದೆ ಕಠಿಣ ಗಳಿಗೆ. ಒಳಗೆ ತಳ್ಳಿದ ಬೆರಳು ಗುಂಡಿಯನ್ನು ಬಿಡಬೇಕು, ಆಚೆ ಬದಿಯ ಬೆರಳು ಅದನ್ನು ಹಿಡಿಯಬೇಕು. ನಡುವೆ ಕಣ್ಣೆವೆ ಬಡಿಯುವಷ್ಟು ಹೊತ್ತು ಗುಂಡಿ ಯಾರ ಕೈಯಲ್ಲೂ ಇರುವುದಿಲ್ಲ. ಮಕ್ಕಳು ಸೋಲುವುದು ಬಹುಪಾಲು ಇಲ್ಲಿಯೇ. ಬಿಡುವುದಕ್ಕೆ ಧೈರ್ಯ ಬರುವುದಿಲ್ಲ, ತಳ್ಳುತ್ತಲೇ ಇರುತ್ತವೆ, ಗುಂಡಿ ಹಿಂದಕ್ಕೆ ಜಾರುತ್ತದೆ. ಎರಡು ಕೈಗಳು ಒಂದೇ ಹೊತ್ತಿಗೆ ಬೇರೆ ಬೇರೆ ಕೆಲಸ ಮಾಡುವುದು, ಬಟ್ಟೆಯ ಹಿಂದೆ ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ತಿಳಿಯುವುದು, ಒಂದರ ನಂತರ ಇನ್ನೊಂದು ಎಂಬ ಕ್ರಮ ನೆನಪಿಡುವುದು, ಇಷ್ಟೂ ಆ ಪುಟ್ಟ ತೂತಿನ ಸುತ್ತ ಸೇರಿವೆ. ಮುಂದೆ ಪೆನ್ಸಿಲ್ ಹಿಡಿಯುವುದೂ ಇವೇ ಬೆರಳುಗಳು.

ಯಾವ ವಯಸ್ಸಿಗೆ ಏನು ಬರಬೇಕು? ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ಪಟ್ಟಿಯ ಪ್ರಕಾರ, ಎರಡೂವರೆ ವರ್ಷಕ್ಕೆ ಬಹುಪಾಲು ಮಕ್ಕಳು ಸಡಿಲ ಬಟ್ಟೆಯನ್ನು ತಾವೇ ಬಿಚ್ಚುತ್ತಾರೆ, ಮೂರಕ್ಕೆ ಸಡಿಲ ಚಡ್ಡಿಯಂಥದ್ದನ್ನು ತಾವೇ ಹಾಕಿಕೊಳ್ಳುತ್ತಾರೆ, ನಾಲ್ಕಕ್ಕೆ ಕೆಲವು ಗುಂಡಿ ಬಿಚ್ಚುತ್ತಾರೆ, ಐದಕ್ಕೆ ಕೆಲವು ಗುಂಡಿ ಹಾಕುತ್ತಾರೆ. ಈ ಸಾಲಿನಲ್ಲಿ ಎರಡು ಸಂಗತಿ ಗಮನಿಸಿ. ಬಿಚ್ಚುವುದು ಮೊದಲು, ಹಾಕುವುದು ಆಮೇಲೆ. ಗುಂಡಿಯಲ್ಲಂತೂ ಎರಡರ ನಡುವೆ ಸುಮಾರು ಒಂದು ವರ್ಷದ ಅಂತರ. ಕೂಸು ಟೊಪ್ಪಿಗೆ ಕಿತ್ತೆಸೆದಾಗ ಬೈಯುವ ನಾವು ಅದು ಪಾಠದ ಮೊದಲ ಪುಟ ಎಂದು ತಿಳಿಯುವುದಿಲ್ಲ. ಇನ್ನೊಂದು, ಐದು ವರ್ಷಕ್ಕೂ 'ಕೆಲವು' ಗುಂಡಿ ಎಂದೇ ಇದೆ. ಮೂರು ವರ್ಷದ ಮಗು ಇಡೀ ಅಂಗಿಯ ಗುಂಡಿ ಹಾಕಲಿಲ್ಲವೆಂದು ಚಿಂತಿಸುವ ಕಾರಣವೇ ಇಲ್ಲ.

ಬಟ್ಟೆ ಹಾಕಿಕೊಳ್ಳುವುದನ್ನು ಪಾಠವೆಂದು ಮೊದಲು ಕಂಡವರಲ್ಲಿ ಮುಖ್ಯರು ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರು 'ಮಕ್ಕಳ ಮನೆ'ಯನ್ನು ತೆರೆದರು. ತಂದೆ ತಾಯಿ ಇಬ್ಬರೂ ದುಡಿಯಲು ಹೋದ ಮೇಲೆ ಮೆಟ್ಟಿಲ ಮೇಲೆ ಅಲೆಯುತ್ತಿದ್ದ ಕೂಲಿಕಾರರ ಮಕ್ಕಳೇ ಅಲ್ಲಿನ ಮೊದಲ ವಿದ್ಯಾರ್ಥಿಗಳು. ಅವರಿಗಾಗಿ ಮಾಂಟೆಸ್ಸೊರಿ ಮಾಡಿಸಿದ ಸಾಮಾನುಗಳಲ್ಲಿ ಉಡುಪಿನ ಚೌಕಟ್ಟುಗಳೂ ಇದ್ದವು. ಕಟ್ಟಿಗೆಯ ಚೌಕಟ್ಟಿಗೆ ಎರಡು ತುಂಡು ಬಟ್ಟೆ ಬಿಗಿದು, ನಡುವೆ ಒಂದರಲ್ಲಿ ಗುಂಡಿ, ಒಂದರಲ್ಲಿ ಹುಕ್ಕು, ಒಂದರಲ್ಲಿ ಟಿಚ್ ಬಟನ್, ಒಂದರಲ್ಲಿ ಕಟ್ಟುವ ಪಟ್ಟಿ. ಒಂದು ಚೌಕಟ್ಟಿಗೆ ಒಂದೇ ಕಷ್ಟ. ಇಂದಿನ ಬಟ್ಟೆ ಪುಸ್ತಕದ ಒಂದೊಂದು ಪುಟವೂ ಆ ಚೌಕಟ್ಟಿನ ಮೊಮ್ಮಗು.

ಮಾಂಟೆಸ್ಸೊರಿ ಎಂದರೆ ನಮ್ಮ ಪಟ್ಟಣಗಳಲ್ಲಿ ಟೈ ಕಟ್ಟಿಸುವ, ಫೀಸು ಕೇಳುವ ಶಾಲೆಯ ಬೋರ್ಡು. ಅದರ ಬೇರು ಇರುವುದು ಕೂಲಿಗೆ ಹೋದ ತಾಯಂದಿರ ಮಕ್ಕಳಲ್ಲಿ, ಎಂದರೆ ನಮ್ಮ ಟಂಟಂ ಹತ್ತಿದ ಅವ್ವನ ಪಡಸಾಲೆಯಲ್ಲಿ. ಮಾಂಟೆಸ್ಸೊರಿ ಭಾರತಕ್ಕೂ ಬಂದರು. 1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರೆಯ ಮೇರೆಗೆ ಮದ್ರಾಸಿನ ಅಡ್ಯಾರಿಗೆ ಬಂದವರು, ಯುದ್ಧದ ಕಾರಣ 1946ರವರೆಗೂ ಇಲ್ಲೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದಕ್ಕೂ ಮೊದಲೇ, 1920ರಲ್ಲಿ, ಗಿಜುಭಾಯಿ ಬಧೇಕಾ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆಗಾತಿಯಾಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಆದಿವಾಸಿ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕು, ದುಬಾರಿ ಸಾಮಾನಿನ ಜಾಗದಲ್ಲಿ ಊರಲ್ಲೇ ಸಿಗುವ ವಸ್ತು ಬರಬೇಕು ಎಂಬುದು ಅವರ ದಾರಿ. ಅಂಗನವಾಡಿ ಎಂಬ ಹೆಸರಿನೊಳಗೇ ಆ ಅಂಗಳವಿದೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ 2023ರಲ್ಲಿ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಬಂತು, 2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸ್ಸರಿ' ಎಂಬ ಹೆಸರು ಬಂತು. ಹೆಸರಿನ ಜೊತೆಗೆ ಆ ಉಡುಪಿನ ಚೌಕಟ್ಟೂ ಮಸ್ಕಿಯ ಅಂಗನವಾಡಿಯವರೆಗೆ ನಡೆದುಬಂದರೆ ಚೆನ್ನ. ಬರುವ ತನಕ ಕಾಯಬೇಕಾಗಿಯೂ ಇಲ್ಲ. ಬೇಕಾದದ್ದೆಲ್ಲ ಇಲ್ಲೇ ಗಂಟು ಕಟ್ಟಿ ಇಟ್ಟಿದೆ.

ಬಟ್ಟೆಯನ್ನು ಪುಸ್ತಕವಾಗಿಸುವುದು ನಮಗೆ ಹೊರಗಿನವರು ಹೇಳಿಕೊಡಬೇಕಾದ ವಿದ್ಯೆಯಲ್ಲ. ಲಂಡನ್ನಿನ ಡೀನ್ ಕಂಪನಿ 1903ರಲ್ಲಿ ಮಕ್ಕಳು ಹರಿಯಲಾರದ ಬಟ್ಟೆಯ ಚಿತ್ರಪುಸ್ತಕ ಅಚ್ಚು ಹಾಕಿ ಹೆಸರಾಯಿತು, ಸರಿ. ಅದಕ್ಕೆ ಎಷ್ಟೋ ಕಾಲ ಮೊದಲು ಕನ್ನಡನಾಡಿನಲ್ಲಿ ಕಡತವಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಆ ಬಟ್ಟೆ ಪುಸ್ತಕದ ಹೆಸರೇ ಈಗ ಸರ್ಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡಿದೆ. ಇನ್ನು ಮಸ್ಕಿಯಂತೂ ಬಂಡೆಯನ್ನೇ ಪುಸ್ತಕವಾಗಿಸಿದ ಊರು. ಅಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲೇ ಅಶೋಕನ ಹೆಸರು ಮೊದಲ ಬಾರಿಗೆ ಸ್ಪಷ್ಟವಾಗಿ ಓದಿಗೆ ದಕ್ಕಿದ್ದು. ಕಲ್ಲನ್ನು ಓದಿದ ನೆಲಕ್ಕೆ ಬಟ್ಟೆ ಓದುವುದು ಕಷ್ಟವೇ?

ಮನೆಯೊಳಗೆ ಬನ್ನಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ತಾಲ್ಲೂಕುಗಳಲ್ಲಿ ಅಟ್ಟದ ಮೇಲೋ ಗಂಟಿನಲ್ಲೋ ಒಂದು ಕೌದಿ ಇರುತ್ತದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಒಳಮುಖವಾಗಿ ಸಾಲು ಸಾಲು ಕೈಹೊಲಿಗೆ ಹಾಕಿದ ಹೊದಿಕೆ ಅದು. ಕೂಸು ಮಲಗುವುದು ಅದರ ಮೇಲೆಯೇ. 'ಇದು ನಿಮ್ಮವ್ವನ ಮದಿವಿ ಸೀರಿ, ಇದು ನಿಮ್ಮ ಮುತ್ಯಾನ ಪಟಗ' ಎಂದು ಅಜ್ಜಿ ತುಂಡಿನ ಮೇಲೆ ಬೆರಳಿಟ್ಟು ಹೇಳುವಾಗ ಅದು ಮನೆತನದ ಓದುವ ಪುಸ್ತಕವೇ ಸರಿ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಗೇರುವ ಕುಲಾವಿ, ಬೆನ್ನಿಗಿಳಿಯುವ ಕುಂಚಿಗಿ ಕೂಡ ಚೂರು ಬಟ್ಟೆಗಳ ಕೂಟ. ಗದ್ದದ ಕೆಳಗೆ ಕಟ್ಟುವ ಅದರ ಲಾಡಿಯೇ ಕೂಸು ಎಳೆದು ಬಿಚ್ಚಲು ಕಲಿಯುವ ಮೊದಲ ಗಂಟು.

ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಕೈ ಕನ್ನಡಿ, ಕವಡೆ, ನಾಣ್ಯಗಳನ್ನು ಬಟ್ಟೆಗೆ ಕೂಡಿಸುವುದರಲ್ಲಿ ಪಳಗಿದ್ದು. ಜಗ್ಗಿದರೂ ಕೀಳದಂತೆ ಕನ್ನಡಿ ಕೂರಿಸುವ ಕೈಗೆ ಗುಂಡಿ ಕೂರಿಸುವುದು ಯಾವ ಲೆಕ್ಕ? ಇತ್ತ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ 1970ರ ದಶಕದ ಆರಂಭದಿಂದ ನೆಲೆನಿಂತ ಬಂಗಾಳಿ ಕುಟುಂಬಗಳಿವೆ. ಅವರ ಮೂಲ ನಾಡಿನ ಕಾಂತಾ ಹೊಲಿಗೆಯೂ ಹಳೆಯ ಸೀರೆಯ ಪದರಗಳ ಮೇಲೆ ಓಡುವ ಹೊಲಿಗೆಯೇ, ಕೌದಿಯ ದೂರದ ತಂಗಿ. ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆಯ ಸೂಜಿಯ ನಂಟು ಇರುವಾಗ ಬಟ್ಟೆ ಪುಸ್ತಕಕ್ಕೆ ಪಾರ್ಸೆಲ್ ಕಾಯುವುದು ಬಾವಿಯ ದಂಡೆಯಲ್ಲಿ ಕೂತು ಬಾಟಲಿ ನೀರು ಕೊಂಡಂತೆ.

ಮಾಡುವ ಬಗೆ ಹೀಗೆ. ಒಂದು ಗೇಣು ಉದ್ದ, ಒಂದು ಗೇಣು ಅಗಲದ ಆರು ಪುಟ ಸಾಕು. ಪುಟ ಜೋತು ಬೀಳಬಾರದು. ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆ ಮೇಲೆ, ನಡುವೆ ಸೀರೆಯ ಎರಡು ಪದರ, ನಾಲ್ಕೂ ಅಂಚಿಗೆ ಕೌದಿ ಹೊಲಿಗೆ. ಚೂರು ಬಟ್ಟೆ, ಗುಂಡಿ, ಜಿಪ್ಪುಗಳಿಗೆ ಟೇಲರ್ ಅಂಗಡಿಯ ಮೂಲೆಯ ಚೀಲ ಇದ್ದೇ ಇದೆ. ಮೊದಲ ಪುಟಕ್ಕೆ ವೆಲ್ಕ್ರೋ ಪಟ್ಟಿಯ ಬಾಗಿಲು, ಚರ್ ಎಂದು ಬಿಚ್ಚುವ ಸದ್ದಿಗೇ ಮಗು ಸೋಲುತ್ತದೆ. ಎರಡನೆಯದಕ್ಕೆ ದೊಡ್ಡ ಗುಂಡಿಯ ಅಂಗಿ. ಮೂರನೆಯದಕ್ಕೆ ಜಿಪ್ಪಿನ ಚೀಲ, ಹಿಡಿಗೆ ಒಂದು ಬಟ್ಟೆಯ ಕುಣಿಕೆ. ನಾಲ್ಕನೆಯದಕ್ಕೆ ಟಿಚ್ ಬಟನ್ ಹಚ್ಚಿದ ಝಬಲಾ. ಇದು ಸುಲಭವೆಂದು ಕಂಡರೂ ಒತ್ತಲು ಬೆರಳಿಗೆ ಬಲ ಬೇಕು, ಅದಕ್ಕೇ ಗುಂಡಿಯ ನಂತರ ಇಟ್ಟದ್ದು. ಐದನೆಯದಕ್ಕೆ ಬೆಲ್ಟಿನ ಬಕ್ಕಲ್. ಆರನೆಯದಕ್ಕೆ ನಮ್ಮ ಲಾಡಿ. ಲಾಡಿಯ ಎರಡು ತುದಿಗೆ ಎರಡು ಬಣ್ಣವಿರಲಿ, ಒಂದು ಕೆಂಪು, ಒಂದು ಹಳದಿ. ಯಾವುದರ ಮೇಲೆ ಯಾವುದು ಹೋಯಿತು ಎಂಬುದು ಆಗ ಮಗುವಿನ ಕಣ್ಣಿಗೆ ಬೀಳುತ್ತದೆ.

ಗುಂಡಿ ಹಚ್ಚುವುದರಲ್ಲೊಂದು ಗುಟ್ಟಿದೆ. ಬಟ್ಟೆಗೆ ತೀರಾ ಅಂಟಿಕೊಂಡ ಗುಂಡಿ ಕಾಜಾದೊಳಗೆ ವಾಲುವುದಿಲ್ಲ. ಹಚ್ಚುವಾಗ ಗುಂಡಿಗೂ ಬಟ್ಟೆಗೂ ನಡುವೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿಯಿರಿ. ಆಮೇಲೆ ಕಡ್ಡಿ ಎಳೆದು, ಸಡಿಲವಾದ ದಾರದ ಸುತ್ತ ಅದೇ ದಾರವನ್ನು ನಾಲ್ಕೈದು ಸುತ್ತು ಸುತ್ತಿ ಗಂಟು ಹಾಕಿ. ಗುಂಡಿಗೆ ಸಣ್ಣದೊಂದು ಕತ್ತು ಬರುತ್ತದೆ, ಮಗುವಿನ ಬೆರಳಿಗೆ ಹಿಡಿತ ಸಿಗುತ್ತದೆ. ಕಾಜಾ ಗುಂಡಿಗಿಂತ ಕೂದಲೆಳೆಯಷ್ಟಲ್ಲ, ಜೋಳದ ಕಾಳಿನಷ್ಟು ದೊಡ್ಡದಿರಲಿ. ಮಗು ಪಳಗಿದ ಮೇಲೆ ಗುಂಡಿಯನ್ನೂ ಕಾಜಾವನ್ನೂ ಸಣ್ಣದು ಮಾಡಬಹುದು.

ಪುಟಗಳನ್ನು ಬೆನ್ನಿಗೆ ಸೇರಿಸಿ ಹೊಲಿದುಬಿಡಬೇಡಿ. ಬೆನ್ನಿನ ಕಡೆ ಕುಣಿಕೆ, ಗುಂಡಿ ಇಟ್ಟು ಪುಟ ಬೇರೆಯಾಗುವಂತೆ ಮಾಡಿ. ಅಂಗನವಾಡಿಯಲ್ಲಿ ಒಂದು ಪುಸ್ತಕಕ್ಕೆ ಇಪ್ಪತ್ತು ಮಕ್ಕಳು ಕಿತ್ತಾಡುವ ಬದಲು ಆರು ಮಕ್ಕಳು ಆರು ಪುಟ ಹಿಡಿದು ಕೂರಬಹುದು. ಎಂಜಲು, ಮಣ್ಣು ಮೆತ್ತಿದ ಪುಟವನ್ನಷ್ಟೇ ಬಿಚ್ಚಿ ತೊಳೆದು ಬಿಸಿಲಿಗೆ ಹಾಕಬಹುದು. ನಮ್ಮಲ್ಲಿ ಬಿಸಿಲಿಗೇನು ಬರ?

ಎಚ್ಚರದ ಮಾತನ್ನೂ ಹೇಳಲೇಬೇಕು. ಮೂರು ವರ್ಷದೊಳಗಿನ ಕೂಸುಗಳಿಗೆ ಎಲ್ಲವನ್ನೂ ಬಾಯಿಗಿಡುವ ಚಾಳಿ. ಅವರ ಆಟಿಕೆಯಲ್ಲಿ ಕಿತ್ತು ಬರುವ ಚೂರು ಇದೆಯೇ ಎಂದು ಪರೀಕ್ಷಿಸಲು ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಅದರೊಳಗೆ ಇಳಿಯುವ ಯಾವ ಚೂರೂ ಗಂಟಲಿಗೆ ಅಪಾಯ. ಅಂಗಿಯ ಗುಂಡಿಗಳೆಲ್ಲ ಅದರೊಳಗೆ ಸಲೀಸಾಗಿ ಇಳಿಯುತ್ತವೆ. ಆದ್ದರಿಂದ ಇಲ್ಲಿ ಹೊಲಿಗೆಯೇ ಜೀವ. ಜೋಡಿ ದಾರದಲ್ಲಿ ಹಚ್ಚಿ, ಪ್ರತಿ ವಾರ ದೊಡ್ಡವರೊಬ್ಬರು ಜೋರಾಗಿ ಜಗ್ಗಿ ನೋಡಿ. ಲಾಡಿ ಕುತ್ತಿಗೆ ಸುತ್ತುವಷ್ಟು ಉದ್ದ ಇರಬಾರದು. ಎರಡು ವರ್ಷದ ಕೂಸಿಗೆ ವೆಲ್ಕ್ರೋ ಮತ್ತು ಜಿಪ್ಪಿನ ಪುಟ ಸಾಕು, ಗುಂಡಿಯ ಪುಟ ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ.

ಮಾರಾಟಕ್ಕೆ ಮಾಡುವವರಿಗೆ ಇನ್ನೊಂದು ಸಂಗತಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಯಾರಿಸಿ ಮಾರುವ ವಸ್ತುಗಳಿಗೆ ಇದರಿಂದ ವಿನಾಯಿತಿ ಕೊಡಲಾಗಿದೆ. ನಮ್ಮ ಸ್ತ್ರೀಶಕ್ತಿ ಸಂಘಗಳು 2000-01ರಿಂದ ಅಂಗನವಾಡಿಗಳ ಆಸರೆಯಲ್ಲೇ ಬೆಳೆದವು. ಸಂಘದ ಹೆಂಗಸರ ಹೊಲಿಗೆ ಯಂತ್ರಕ್ಕೂ ಅಂಗನವಾಡಿಯ ಚಾಪೆಗೂ ಇರುವ ದೂರ ಹತ್ತು ಹೆಜ್ಜೆ. ಕಾಗದಪತ್ರ ಸರಿಮಾಡಿಕೊಂಡು ಆ ಹತ್ತು ಹೆಜ್ಜೆ ದಾಟಿದರೆ ಊರಿನ ಕೂಸಿಗೆ ಊರಿನ ಪುಸ್ತಕ, ಹೊಲಿದವಳ ಕೈಗೆ ನಾಲ್ಕು ಕಾಸು.

ಪುಸ್ತಕ ಕೈಗೆ ಬಂದ ಮೇಲೆ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ. ನಾನೂ ಮಾಡಿದೆ. ಪುಟದ ಅಂಗಿಯ ಕೊರಳನ್ನು ಮೇಲೆ ಮಾಡಿ, ಚಿತ್ರ ತೋರಿಸುವಂತೆ ಮಗುವಿನ ಮುಂದೆ ಇಟ್ಟೆ. ಹಾಗೆ ಇಟ್ಟಾಗ ಅದು ಎದುರಿಗೆ ನಿಂತ ಬೇರೊಬ್ಬರ ಅಂಗಿಯಾಗುತ್ತದೆ, ಎಡ ಬಲ ಅದಲು ಬದಲು. ಪುಟದಲ್ಲಿ ಚಕಚಕ ಗುಂಡಿ ಹಾಕುವ ಮೊಮ್ಮಗಳು ತನ್ನ ಅಂಗಿಗೆ ಬಂದಾಗ ಕಕ್ಕಾಬಿಕ್ಕಿ. ಬಗ್ಗಿ ನೋಡಿದಾಗ ನಮ್ಮ ಅಂಗಿಯ ಕೊರಳು ನಮ್ಮ ಹತ್ತಿರ, ಅಂಚು ದೂರ ಅಲ್ಲವೇ? ಪುಟವನ್ನೂ ಹಾಗೆಯೇ ಇಡಬೇಕು, ಕೊರಳು ಮಗುವಿನ ಹೊಟ್ಟೆಯ ಕಡೆಗೆ. ಇನ್ನೂ ಒಳ್ಳೆಯದೆಂದರೆ ಆ ಪುಟವನ್ನೇ ಮಗುವಿನ ಹೊಟ್ಟೆಗೆ ಕಟ್ಟಿಬಿಡುವುದು. ಗಂಡಸರ ಅಂಗಿಯಲ್ಲಿ ಗುಂಡಿ ಬಲಕ್ಕಿದ್ದರೆ ಹೆಂಗಸರದರಲ್ಲಿ ಎಡಕ್ಕೆ. ಮಗು ನಿತ್ಯ ಹಾಕುವ ಅಂಗಿಯನ್ನು ನೋಡಿಯೇ ಪುಟದ ಗುಂಡಿ ಹಚ್ಚಿ.

ಎರಡನೆಯದು, ಕಲಿಸುವ ದಾರಿ. ನಾವು ಮೊದಲಿಂದ ಕೊನೆಗೆ ಕಲಿಸುತ್ತೇವೆ. ಮಗು ಮೊದಲ ಹೆಜ್ಜೆಯಲ್ಲೇ ಸೋತು ಕೈಬಿಡುತ್ತದೆ. ಔದ್ಯೋಗಿಕ ಚಿಕಿತ್ಸಕರು, ಅಂದರೆ ನಿತ್ಯದ ಕೆಲಸಗಳನ್ನು ಮಾಡಲು ಮೈ ಪಳಗಿಸುವವರು, ತಿರುವಿ ಕಲಿಸುತ್ತಾರೆ. ಗುಂಡಿಯನ್ನು ಮುಕ್ಕಾಲು ಭಾಗ ನೀವೇ ತೂರಿಸಿ, ಕೊನೆಯ ಎಳೆತವನ್ನಷ್ಟೇ ಮಗುವಿಗೆ ಬಿಡಿ. ಗುಂಡಿ 'ಟಪ್' ಎಂದು ಹೊರಬಂದ ಗೆಲುವು ಮಗುವಿನದು. ಆಮೇಲೆ ನೀವು ಅರ್ಧ, ಆಮೇಲೆ ಕಾಲು, ಕೊನೆಗೆ ಪೂರಾ ಮಗುವೇ. ಜಿಪ್ಪಿಗೂ ಹೀಗೆಯೇ, ಬುಡದ ಕೊಂಡಿ ನಾವು ಕೂಡಿಸಬೇಕು, ಮೇಲೆಳೆಯುವುದು ಅವರದು. ಬೆಳವಣಿಗೆ ನಿಧಾನವಿರುವ, ಕೈ ಬಿಗಿಯಿರುವ ಮಕ್ಕಳಿಗೆ ಈ ದಾರಿ ಇನ್ನೂ ಉಪಯುಕ್ತ. ಕಣ್ಣು ಕಾಣದ ಕೂಸಿಗಂತೂ ಬಟ್ಟೆಯ ಪುಟ ಕಾಗದದ ಪುಟಕ್ಕಿಂತ ದೊಡ್ಡ ಪುಸ್ತಕ. ಐದು ವರ್ಷವಾದರೂ ಬೆರಳು ಕೂಡುತ್ತಲೇ ಇಲ್ಲವೆಂದರೆ ಅದು ಸೋಮಾರಿತನವೆಂದು ಗದರದೆ, ಅಂಗನವಾಡಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಿ.

ಇಷ್ಟು ಹೇಳಿದ ಮೇಲೆ ಪುಸ್ತಕದ ಮಿತಿಯನ್ನೂ ಹೇಳಬೇಕು. ಈಜು ಕಲಿಯಲು ದಂಡೆಯ ಮೇಲೆ ಕೈಕಾಲು ಆಡಿಸಿದಂತೆ ಇದು. ಪುಟದ ಅಂಗಿಗೆ ತೋಳಿಲ್ಲ, ಬೆನ್ನಿಲ್ಲ, ಒಳಗೊಂದು ಚಡಪಡಿಸುವ ಮೈಯಿಲ್ಲ. ತೋಳು ಹುಡುಕುವುದು, ಮುಂದು ಹಿಂದು ತಿಳಿಯುವುದು, ಚಡ್ಡಿಗೆ ಕಾಲು ತೂರಿಸುವಾಗ ಗೋಡೆ ಹಿಡಿದು ನಿಲ್ಲುವುದು, ಇವನ್ನೆಲ್ಲ ಮೈಮೇಲೆಯೇ ಕಲಿಯಬೇಕು. ಪುಸ್ತಕ ಕೊಡುವುದು ಒಂದೇ ಒಂದು. ಅದರ ಅಂಗಿಗೆ ಯಾವ ಬಸ್ಸೂ ಹಿಡಿಯಬೇಕಾಗಿಲ್ಲ. ನೂರು ಸಲ ಜಾರಿದರೂ ಯಾರೂ 'ಬಿಡು, ನಾ ಹಾಕ್ತೀನಿ' ಎನ್ನುವುದಿಲ್ಲ. ಮಧ್ಯಾಹ್ನ ಅಜ್ಜಿ ಬೇಳೆ ಆರಿಸುತ್ತಾ ಕೂತಾಗ, ಪಕ್ಕದಲ್ಲಿ ಮಗು ತನ್ನ ಗುಂಡಿ ಆರಿಸುತ್ತಾ ಕೂರಬಹುದು. ಗಂಡುಮಕ್ಕಳೂ ಕೂರಲಿ. ಮುಂದೆ ಹೆಂಡತಿಯನ್ನು ಕರೆದು ಗುಂಡಿ ಹಚ್ಚಿಸಿಕೊಳ್ಳುವ ಚಾಳಿಗೂ ಮದ್ದು ಅಲ್ಲೇ ಸಿಕ್ಕೀತು.

ಆದರೆ ಪುಟದಿಂದ ಮೈಗೆ ದಾಟುವ ದಿನ ದೊಡ್ಡವರೂ ಸ್ವಲ್ಪ ದಾಟಬೇಕಾಗುತ್ತದೆ. ನಮ್ಮ ಮನೆಯಾಕೆ ಕೌದಿಯ ಗಂಟು ಬಿಚ್ಚಿ ಹೊಲಿದ ಪುಸ್ತಕವನ್ನು ಮೊಮ್ಮಗಳು ಒಂದು ಮಳೆಗಾಲ ಪೂರ್ತಿ ಹಿಡಿದಳು. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ತಾನೇ ಅಂಗಿಯ ಗುಂಡಿಯಷ್ಟೂ ಹಾಕಿಕೊಂಡು ಹೊರಗೆ ಬಂದಳು. ಒಂದು ಮನೆ ತಪ್ಪಿತ್ತು. ಮೇಲೆ ಒಂದು ಕಾಜಾ ಖಾಲಿ, ಕೆಳಗೆ ಒಂದು ಗುಂಡಿ ಅನಾಥ. ಅಂಗಿಯ ಒಂದು ಅಂಚು ಮೊಳಕಾಲಿನತ್ತ ಇಳಿದಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಬಿಚ್ಚಿ ಸರಿಮಾಡೋಣವೆಂದು. ಮನೆಯಾಕೆ ನನ್ನ ಕೈಮೇಲೆ ಪಟ್ಟನೆ ಹೊಡೆದಳು. 'ಸುಮ್ಕಿರ್ರಿ. ಆಕಿ ಹಾಕ್ಕೊಂಡಾಳ.'

ವಾರೆ ಅಂಗಿಯಲ್ಲೇ ಹುಡುಗಿ ಅಂಗನವಾಡಿಗೆ ಹೋದಳು. ಮಧ್ಯಾಹ್ನ ಮರಳಿದಾಗಲೂ ಅಂಗಿ ಹಾಗೆಯೇ ಇತ್ತು. ಅಕ್ಕೋರೂ ಕೈ ಹಾಕಿರಲಿಲ್ಲ.